‘ದಿ ಐಟಿ ಕ್ರೌಡ್’ನಲ್ಲಿ ತೋರಿಸೋದೆಲ್ಲ ನಿಜಾನಾ?

ಬೆಂಗಳೂರಿನಲ್ಲಿ ಕೂತು ಲಂಡನ್ನಿನ ಒಂದು ಕಂಪನಿಯವರ ಕಂಪ್ಯೂಟರ್ ದೂರುಗಳನ್ನು ಕೇಳುವ ಕೆಲಸ ಆರು ವರ್ಷ ಮಾಡಿದ್ದೇನೆ. ಇದು ಗೊತ್ತಾದ ಕೂಡಲೇ ಇಂಗ್ಲಿಷ್ ಕಾಮಿಡಿ ನೋಡುವ ಗೆಳೆಯರು ಕೇಳುವುದು ಇದನ್ನೇ. “ಹಾಗಾದ್ರೆ ನೀನು ಐಟಿ ಕ್ರೌಡ್‌ನ ರಾಯ್ ಇದ್ದಂಗೆ! ಅಲ್ಲಿ ತೋರಿಸೋದೆಲ್ಲ ನಿಜಾನಾ?”

ನೋಡದವರಿಗೆ ಎರಡು ಮಾತು. ಇದು ಬ್ರಿಟನ್ನಿನ ಚಾನೆಲ್ 4ರಲ್ಲಿ 2006ರಿಂದ 2010ರವರೆಗೆ ಬಂದ ಹಾಸ್ಯ ಧಾರಾವಾಹಿ. ಬರೆದವರು ಗ್ರಹಾಂ ಲೈನಹನ್. ನಾಲ್ಕು ಸೀಸನ್, ಒಂದೊಂದರಲ್ಲಿ ಆರೇ ಕಂತು. 2013ರಲ್ಲಿ ಕೊನೆಯದಾಗಿ ಒಂದು ಉದ್ದನೆಯ ಕಂತು ಬಂತು, ಅಲ್ಲಿಗೆ ಮುಗಿಯಿತು. ಕಥೆ ನಡೆಯುವುದು ಲಂಡನ್ನಿನ ರೆನ್‌ಹೋಮ್ ಇಂಡಸ್ಟ್ರೀಸ್ ಎಂಬ ಕಾಲ್ಪನಿಕ ಕಂಪನಿಯಲ್ಲಿ. ಮೇಲಿನ ಮಹಡಿಗಳೆಲ್ಲ ಥಳಥಳ. ಐಟಿಯವರು ಮಾತ್ರ ಬೇಸ್‌ಮೆಂಟಿನಲ್ಲಿ, ಹಳೇ ಕಂಪ್ಯೂಟರು, ವೈರುಗಳ ನಡುವೆ. ಸೋಮಾರಿ ರಾಯ್ ಆಗಿ ಕ್ರಿಸ್ ಒ’ಡೌಡ್, ಬುದ್ಧಿವಂತ ಪೆದ್ದ ಮಾಸ್ ಆಗಿ ರಿಚರ್ಡ್ ಅಯೋವಾಡಿ. ಇವರಿಬ್ಬರ ಮೇಲೆ ಬಾಸ್ ಆಗಿ ಬರುವ ಜೆನ್ ಪಾತ್ರ ಕ್ಯಾಥರೀನ್ ಪಾರ್ಕಿನ್ಸನ್‌ದು. ಅವಳಿಗೆ ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲ. ಆ ಕಂಪನಿ ಏನು ವ್ಯಾಪಾರ ಮಾಡುತ್ತದೆ ಅಂತ ಕೊನೆವರೆಗೂ ಹೇಳುವುದೇ ಇಲ್ಲ. ನನ್ನ ಮೊದಲ ವರ್ಷವೂ ಹಾಗೇ ಇತ್ತು ಬಿಡಿ. ಪಾಸ್‌ವರ್ಡ್ ಬದಲಿಸಿ ಕೊಡುತ್ತಿದ್ದೆ, ಅವರು ಏನು ಮಾರುತ್ತಾರೆ ಅಂತ ಗೊತ್ತಿರಲಿಲ್ಲ.

ಸುಳ್ಳು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ರಾಯ್ ಫೋನ್ ಎತ್ತದೆ ಕೂರುತ್ತಾನೆ. ನಮಗೆ ಆ ಭಾಗ್ಯ ಇರಲಿಲ್ಲ. ಪ್ರತಿ ದೂರಿಗೂ ಟಿಕೆಟ್ ನಂಬರ್, ಪ್ರತಿ ಟಿಕೆಟ್ಟಿಗೂ ಗಡುವು, ಪ್ರತಿ ಕಾಲ್ ರೆಕಾರ್ಡ್. ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆಗೆ ಶಿಫ್ಟ್ ಶುರು, ಲಂಡನ್ನಿನಲ್ಲಿ ಆಗ ಬೆಳಿಗ್ಗೆ ಒಂಬತ್ತು. ರಾಯ್ ಇದ್ದದ್ದು ಬೇಸ್‌ಮೆಂಟಿನಲ್ಲಿ, ನಾವು ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ. ಕಣ್ಣಿಗೆ ಕಾಣದಿರುವುದರಲ್ಲಿ ಮಾತ್ರ ಇಬ್ಬರೂ ಒಂದೇ.

ಫೋನ್ ಎತ್ತಿದ ಕೂಡಲೇ ರಾಯ್ ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತು: ಒಮ್ಮೆ ಆಫ್ ಮಾಡಿ ಆನ್ ಮಾಡಿದಿರಾ? ಜನ ನಗುತ್ತಾರೆ. ಆದರೆ ಅದು ಸೋಮಾರಿಯ ಉತ್ತರವಲ್ಲ. ಕಂಪ್ಯೂಟರ್ ದಿನಗಟ್ಟಲೆ ಓಡುತ್ತಿದ್ದರೆ ಯಾವುದೋ ಪ್ರೋಗ್ರಾಂ ತೆಗೆದುಕೊಂಡ ಮೆಮೊರಿ ವಾಪಸ್ ಕೊಟ್ಟಿರುವುದಿಲ್ಲ. ಇನ್ನೊಂದು ಯಾವುದಕ್ಕೋ ಕಾಯುತ್ತಾ ಸಿಕ್ಕಿಕೊಂಡಿರುತ್ತದೆ. ಯಾವುದು ಅಂತ ಹುಡುಕಲು ಅರ್ಧ ದಿನ ಬೇಕು. ಆಫ್ ಮಾಡಿದರೆ ಮೆಮೊರಿ ಖಾಲಿ, ಎಲ್ಲ ಮೊದಲಿನಿಂದ. ಕಾರಣ ಗೊತ್ತಾಗುವುದಿಲ್ಲ ನಿಜ, ಆದರೆ ಫೋನ್ ಮಾಡಿದವರಿಗೆ ಬೇಕಾದದ್ದು ಕಾರಣ ಅಲ್ವಲ್ಲ.

ರಾಯ್ ಎಡವುವುದು ಕೇಳುವ ದನಿಯಲ್ಲಿ. ಮೊದಲ ಕಂತಿನಲ್ಲೇ ಬಟನ್ ಒತ್ತಿದರೆ ಆನ್ ಆಗುತ್ತದೆ ಅಂತ ಒಬ್ಬರಿಗೆ ಫೋನಿನಲ್ಲಿ ವಿವರಿಸುತ್ತಾ ಕುದಿಯುತ್ತಾನೆ. ನಮ್ಮ ಸೀನಿಯರ್ ಒಬ್ಬರು ಇದಕ್ಕೆ ಒಳ್ಳೇ ಉಪಾಯ ಹೇಳಿಕೊಟ್ಟಿದ್ದರು. “ಪ್ಲಗ್ ಹಾಕಿದ್ದೀರಾ ಅಂತ ಕೇಳಬೇಡ, ಸಿಟ್ಟು ಬರುತ್ತೆ. ಪ್ಲಗ್ ತೆಗೆದು, ಧೂಳು ಊದಿ, ಮತ್ತೆ ಹಾಕಿ ಅನ್ನು.” ಎಷ್ಟೋ ಸಲ ಆ ಕಡೆ ಒಂದು ಕ್ಷಣ ಮೌನ. ಆಮೇಲೆ, “ಹಾಂ, ಧೂಳೇ ಇತ್ತು ನೋಡಿ.”

ಮಾಸ್ ಬೆಂಕಿ ಬಿದ್ದಾಗ ಇಮೇಲ್ ಬರೆಯಲು ಕೂರುವ ದೃಶ್ಯ ಅತಿಯಾಯಿತು ಅನ್ನುತ್ತಾರೆ ಕೆಲವರು. ಇಮೇಲ್ ಹೋಗುತ್ತಿಲ್ಲ ಅಂತ ನನಗೆ ಇಮೇಲ್ ಬಂದಿದೆ. ಸಹೋದ್ಯೋಗಿಯ ಕಂಪ್ಯೂಟರಿನಿಂದ ಕಳಿಸಿದ್ದರಂತೆ. ಎದುರಿಗೇ ಫೋನ್ ಇತ್ತು.

ನನ್ನ ಮಟ್ಟಿಗೆ ಇಡೀ ಧಾರಾವಾಹಿಯಲ್ಲಿ ಅತ್ಯಂತ ನಿಜವಾದ ದೃಶ್ಯ ಮೂರನೇ ಸೀಸನ್ನಿನ ಇಂಟರ್ನೆಟ್ ಪೆಟ್ಟಿಗೆಯದು. ಜೆನ್ ಭಾಷಣ ಮಾಡಬೇಕು. ಅವಳ ಮರ್ಯಾದೆ ತೆಗೆಯಲು ರಾಯ್ ಮತ್ತು ಮಾಸ್ ಕೆಂಪು ದೀಪದ ಒಂದು ಕರಿ ಪೆಟ್ಟಿಗೆ ಕೊಟ್ಟು, “ಇದೇ ಇಂಟರ್ನೆಟ್” ಅನ್ನುತ್ತಾರೆ. ಅವಳು ನಂಬುತ್ತಾಳೆ. ಇವರು ನಗಲು ಸಿದ್ಧರಾಗಿ ಹೋಗಿ ಕೂರುತ್ತಾರೆ. ಆದರೆ ಸಭೆಯಲ್ಲಿ ಯಾರೂ ನಗುವುದಿಲ್ಲ. ಷೇರುದಾರರೆಲ್ಲ ಭಕ್ತಿಯಿಂದ ನೋಡುತ್ತಾರೆ! ಪೆಟ್ಟಿಗೆ ಒಡೆದಾಗ ಲೋಕವೇ ಮುಳುಗಿತು ಅಂತ ಚೀರಾಡುತ್ತಾರೆ.

ಅದನ್ನು ನೋಡಿ ನಾನು ಜಾಸ್ತಿ ನಗಲಿಲ್ಲ. ಒಂದು ಶುಕ್ರವಾರ ಶಿಫ್ಟ್ ಮುಗಿಯುವ ಹೊತ್ತಿಗೆ ಒಬ್ಬರ ಫೋನ್ ಬಂತು, ಲ್ಯಾಪ್‌ಟಾಪ್ ನಿಧಾನ ಅಂತ. ಅವರ ಸ್ಕ್ರೀನನ್ನು ಇಲ್ಲಿಂದಲೇ ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ತುಂಬಾ ಐಕಾನ್‌ಗಳು. ನನಗೆ ಕ್ಯಾಬ್ ತಪ್ಪುತ್ತಿತ್ತು. “ಇಷ್ಟೊಂದು ಐಕಾನ್ ಇದ್ದರೆ ಭಾರ ಆಗುತ್ತೆ, ಹನ್ನೆರಡಕ್ಕಿಂತ ಜಾಸ್ತಿ ಇಟ್ಕೋಬೇಡಿ” ಅಂದುಬಿಟ್ಟೆ. ಹನ್ನೆರಡು ಯಾಕೆ ಅಂತ ನನಗೂ ಗೊತ್ತಿಲ್ಲ, ಸುಮ್ನೆ ಬಾಯಿಗೆ ಬಂತು.

ಸೋಮವಾರ ಅವರ ವಿಭಾಗದ ಎಲ್ಲರಿಗೂ ಸೂಚನೆ ಹೋಗಿತ್ತು. ಹೆಲ್ಪ್‌ಡೆಸ್ಕ್ ಸಲಹೆಯಂತೆ ಗರಿಷ್ಠ ಹನ್ನೆರಡು ಐಕಾನ್. ನಾನು ಕೆಲಸ ಬಿಡುವ ವಾರ ಹೊಸಬನೊಬ್ಬನಿಗೆ ಟಿಕೆಟ್ ಬಂತು: “ಹದಿಮೂರನೇ ಐಕಾನ್ ಬೇಕು. ಅನುಮತಿ ಯಾರ ಹತ್ತಿರ ಕೇಳಬೇಕು?”