ಬ್ಯಾಂಕು ನಡೆಸುವ ಗಾಬ್ಲಿನ್‌ಗಳು

ಮಂಗಳೂರಿನ ಕದ್ರಿಯ ಮನೆಯಲ್ಲಿ ನಿನ್ನೆ ಅಕ್ಕನ ಮಗನ ಜೊತೆ ಜೋರು ವಾದ. 2023ರಲ್ಲಿ ಬಂದ, ಹ್ಯಾರಿ ಪಾಟರ್ ಲೋಕದ ಹಾಗ್‌ವರ್ಟ್ಸ್ ಲೆಗಸಿ ಗೇಮ್ ಆಡುತ್ತಿದ್ದ. ಆ ಲೋಕದಲ್ಲಿ ಬ್ಯಾಂಕು ನಡೆಸುವ ಗಾಬ್ಲಿನ್ ಅನ್ನೋ ಕುಳ್ಳ ಜೀವಿಗಳು ಯೆಹೂದಿಗಳ ಹಳೇ ಅಣಕದ ಥರ ಇವೆ ಅಂದೆ. "ಸುಮ್ನೆ ಗಾಬ್ಲಿನ್ ಅಲ್ವಾ ಮಾವ, ಇದರಲ್ಲಿ ಯೆಹೂದಿಗಳು ಎಲ್ಲಿಂದ ಬಂದರು?" ಅಂದ.

ಬಾಗಿದ ಉದ್ದ ಮೂಗು, ಹಣದ ಆಸೆ, ಒಳಗೊಳಗೇ ಸಂಚು. ಯುರೋಪಿನಲ್ಲಿ ಯೆಹೂದಿಗಳನ್ನು ಶತಮಾನಗಟ್ಟಲೆ ಹೀಗೇ ಅಣಕಿಸಿದ್ದಾರೆ. ನಾಜಿ ಪತ್ರಿಕೆ ಡೆರ್ ಸ್ಟ್ಯೂರ್ಮರ್‌ನ ವ್ಯಂಗ್ಯಚಿತ್ರಗಳಲ್ಲೂ ಇದೇ ಮುಖ. ಮಧ್ಯಯುಗದಲ್ಲಿ ಎಷ್ಟೋ ಕಡೆ ಅವರು ಜಮೀನು ಕೊಳ್ಳುವ ಹಾಗಿರಲಿಲ್ಲ, ಕಸುಬುದಾರರ ಸಂಘ ಸೇರುವ ಹಾಗೂ ಇರಲಿಲ್ಲ. ಕ್ರೈಸ್ತರು ಬಡ್ಡಿ ತೆಗೆದುಕೊಳ್ಳುವುದಕ್ಕೆ ಚರ್ಚಿನ ನಿಷೇಧ. ಹಾಗಾಗಿ ಸಾಲ ಕೊಡುವ ಕೆಲಸ ಹಲವು ಯೆಹೂದಿಗಳ ಪಾಲಿಗೆ ಬಂತು. ಉಳಿದ ದಾರಿ ಎಲ್ಲ ಮುಚ್ಚಿ, ಆಮೇಲೆ ಬಡ್ಡಿಕೋರರು ಅಂತ ಬೈದರು!

ಆಟದಲ್ಲಿ ಗಾಬ್ಲಿನ್‌ಗಳ ಹಳೇ ಕೊಂಬೊಂದು ಇದೆ. ಯೆಹೂದಿಗಳು ಹೊಸ ವರ್ಷಕ್ಕೆ ಊದುವ ಶೋಫಾರ್ ಥರಾನೇ ಇದೆ ಅಂತ ಹಲವರು ಆಕ್ಷೇಪಿಸಿದ್ದರು. ಗೇಮ್ ಮಾಡಿದವರು ಬೇಕಂತಲೇ ಮಾಡಿದರು ಅಂತ ನನಗೆ ಅನಿಸುವುದಿಲ್ಲ. ಹಳೇ ಅಚ್ಚು ಕೈಗೆ ಸಿಕ್ಕಿತು, ಒತ್ತಿದರು.

"ಹಾಗಾದ್ರೆ ಯಕ್ಷಗಾನದ ಬಣ್ಣದ ವೇಷ? ಅದೂ ವಿಕಾರ ಮುಖವೇ ಅಲ್ವಾ?" ಅಂದ. ಒಳ್ಳೇ ಪ್ರಶ್ನೆ. ಆದರೆ ಮುಖಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿ ಇಟ್ಟ ಆ ರಾಕ್ಷಸನನ್ನು ನೋಡಿ ಯಾರಿಗೂ ಪಕ್ಕದ ಮನೆಯವರ ನೆನಪಾಗುವುದಿಲ್ಲ.

ಅಂದ ಹಾಗೆ, ಕೆನರಾ, ಕರ್ನಾಟಕ, ಸಿಂಡಿಕೇಟ್ ಬ್ಯಾಂಕುಗಳು ಹುಟ್ಟಿದ ಕರಾವಳಿ ಇದು. ಬ್ಯಾಂಕಿನವರೆಲ್ಲ ಜಿಪುಣರು ಅಂದರೆ ಮೊದಲು ಸಿಟ್ಟಾಗುವುದು ಅವನ ಅಪ್ಪನೇ. ಭಾವ ಮ್ಯಾನೇಜರ್ ಆಗಿ ರಿಟೈರ್ ಆದವರು.