ರಾಜ ಏಡಿಯ ಬಚ್ಚಿಟ್ಟ ಕಾಲು, ವಾರೆಯಾದ ಹೊಟ್ಟೆ

ತೀರ್ಥಹಳ್ಳಿ ಕಡೆಯ ಗದ್ದೆಯಂಚಿನಲ್ಲಿ ಏಡಿ ಹಿಡಿದು ಬೆಳೆದವರಿಗೆ ಅದರ ಮೈಕಟ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಒಂದು ಜೊತೆ ಇಕ್ಕುಳ, ಅದರ ಹಿಂದೆ ನಾಲ್ಕು ಜೊತೆ ನಡೆಗಾಲು. ಮಗುಚಿ ಹಾಕಿದರೆ ಹೊಟ್ಟೆಯ ಮಡಿಕೆ ಅಗಲವಾಗಿದ್ದದ್ದು ಹೆಣ್ಣು, ಕಿರಿದಾಗಿದ್ದದ್ದು ಗಂಡು. ಈ ಲೆಕ್ಕವನ್ನೇ ಹಿಡಿದುಕೊಂಡು ಪೆಸಿಫಿಕ್ ಸಾಗರದ ಆಳದಲ್ಲಿರುವ ನಿಯೊಲಿಥೋಡಿಸ್ ಡಯೊಮೆಡಿಯೆ ಎಂಬ ರಾಜ ಏಡಿಯ ಚಿತ್ರವನ್ನು ನೋಡಿದರೆ ಎಣಿಕೆ ತಾಳೆಯಾಗುವುದಿಲ್ಲ. ಇಕ್ಕುಳದ ಹಿಂದೆ ಕಾಣುವುದು ಮೂರೇ ಜೊತೆ ಕಾಲು.

ನಾಲ್ಕನೆಯ ಜೊತೆ ಇಲ್ಲವೆಂದಲ್ಲ. ಅದು ಸಣಕಲಾಗಿ, ಚಿಪ್ಪಿನಡಿಯ ಕಿವಿರುಗಳ ಗೂಡಿನೊಳಗೆ ಮಡಚಿಕೊಂಡಿರುತ್ತದೆ. ಅದರ ಮುಖ್ಯ ಕೆಲಸ ಕಿವಿರಿಗೆ ಹತ್ತಿದ ಕೊಳೆಯನ್ನು ಉಜ್ಜಿ ತೆಗೆಯುವುದು. ಇಕ್ಕುಳಗಳೂ ಸಮನಲ್ಲ, ಬಲಗಡೆಯದು ದಪ್ಪ. ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕುತೂಹಲದ್ದು ಹೆಣ್ಣಿನ ಹೊಟ್ಟೆ: ಅದರ ಎಡಭಾಗದ ಫಲಕಗಳು ಬಲಭಾಗದವಕ್ಕಿಂತ ದೊಡ್ಡದಾಗಿ ಬೆಳೆದು, ಇಡೀ ಮಡಿಕೆ ಒಂದು ಕಡೆಗೆ ವಾರೆಯಾಗಿರುತ್ತದೆ, ಮತ್ತು ಮೊಟ್ಟೆಗಳನ್ನು ಹೊರುವ ಪುಟ್ಟ ಉಪಾಂಗಗಳ ಸಾಲು ಎಡಗಡೆಯಲ್ಲಿ ಮಾತ್ರ ಇರುತ್ತದೆ.

ಈ ವಾರೆ ಎಲ್ಲಿಂದ ಬಂತೆಂದರೆ, ಖಾಲಿ ಶಂಖದೊಳಗೆ ಮೆತ್ತನೆಯ ಹೊಟ್ಟೆಯನ್ನು ತೂರಿಸಿಕೊಂಡು ಬದುಕುವ ಸನ್ಯಾಸಿ ಏಡಿಗಳಿಂದ. ಶಂಖದ ಸುರುಳಿಗೆ ಹೊಂದಿಕೊಂಡು ಅವುಗಳ ಹೊಟ್ಟೆ ತಿರುಚಿರುತ್ತದೆ. ರಾಜ ಏಡಿಗಳು ಅಂಥ ಪೂರ್ವಜರಿಂದಲೇ ಕವಲೊಡೆದವೆಂದು 1992ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ತೋರಿಸಿತು. ಶಂಖವನ್ನು ಬಿಟ್ಟು, ಮೈಯನ್ನು ಗಟ್ಟಿ ಮಾಡಿಕೊಂಡು, ಹೊಟ್ಟೆಯನ್ನು ಎದೆಯಡಿಗೆ ಮಡಚಿಕೊಂಡರೂ ಹಳೆಯ ಮನೆಯ ತಿರುವು ಹೆಣ್ಣಿನಲ್ಲಿ ಉಳಿದೇಬಿಟ್ಟಿತು. ಆದ್ದರಿಂದ ನಮ್ಮ ಗದ್ದೆಯ ಏಡಿಗೂ ಇದಕ್ಕೂ ಇರುವ ಹೋಲಿಕೆ ಮೇಲುನೋಟದ್ದು. ಎರಡೂ ಬೇರೆ ಬೇರೆ ದಾರಿಯಿಂದ ಏಡಿಯ ಆಕಾರಕ್ಕೆ ಬಂದು ನಿಂತಿವೆ.

ಶಂಖದ ಬದಲಿಗೆ ಇದಕ್ಕಿರುವ ರಕ್ಷಣೆಯೆಂದರೆ ಮುಳ್ಳು. ಬೆನ್ನ ಚಿಪ್ಪಿನ ಮೇಲೂ ಕಾಲುಗಳ ಉದ್ದಕ್ಕೂ ಕಾರೆಮುಳ್ಳಿನಂತೆ ನೇರವಾಗಿ, ಚೂಪಾಗಿ ಎದ್ದು ನಿಂತಿರುತ್ತವೆ. ಮೈಬಣ್ಣ ಕೆಂಪು. ಕತ್ತಲಲ್ಲಿ ಇಷ್ಟು ಢಾಳಾದ ಬಣ್ಣವೇಕೆ ಎನ್ನಿಸಬಹುದು, ಆದರೆ ಸೂರ್ಯನ ಬೆಳಕಿನ ಕೆಂಪು ಭಾಗವನ್ನು ನೀರು ಮೇಲ್ಪದರದಲ್ಲೇ ಹೀರಿಬಿಡುವುದರಿಂದ ಆಳದಲ್ಲಿ ಕೆಂಪೆಂದರೆ ಕಪ್ಪೇ ಸರಿ.

ಇಂಥವು ದೂರದ ಸಮುದ್ರಗಳಿಗಷ್ಟೇ ಸೇರಿದವಲ್ಲ. ಇದೇ ಕುಟುಂಬದ ಪ್ಯಾರಲೋಮಿಸ್ ಇನ್ವೆಸ್ಟಿಗೇಟೋರಿಸ್ ಎಂಬ ಪ್ರಭೇದವನ್ನು 1899ರಲ್ಲಿ ಆಲ್ಕಾಕ್ ಮತ್ತು ಆಂಡರ್ಸನ್ ವಿವರಿಸಿದರು. ಭಾರತದ ಸಮುದ್ರಗಳನ್ನು ಸಮೀಕ್ಷೆ ಮಾಡುತ್ತಿದ್ದ ಇನ್ವೆಸ್ಟಿಗೇಟರ್ ಹಡಗಿನ ಹೆಸರೇ ಅದಕ್ಕೆ ಸಂದಿದೆ.

ಮರಿಗಳ ವಿಷಯದಲ್ಲಿಯೂ ನಮ್ಮ ಏಡಿಯ ದಾರಿ ಬೇರೆ. ಗದ್ದೆಯ ಏಡಿಯ ಮೊಟ್ಟೆಯಿಂದ ಪುಟ್ಟ ಏಡಿಯೇ ಹೊರಬಂದು ಕೆಲಕಾಲ ತಾಯಿಯ ಹೊಟ್ಟೆಯಡಿಯಲ್ಲೇ ಇರುತ್ತದೆ. ರಾಜ ಏಡಿಯ ಮರಿ ಮೊದಲು ಲಾರ್ವಾ ಆಗಿ ನೀರಿನಲ್ಲಿರಬೇಕು, ಆಮೇಲಷ್ಟೇ ಏಡಿಯ ರೂಪ. ಹಾಗೆ ರೂಪ ತಳೆದ ಡಯೊಮೆಡಿಯೆ ಮರಿಗಳು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಆಳದಲ್ಲಿ, ಬಂಡೆ ಪೊದೆಗಳಿಲ್ಲದ ಬರಿಯ ಕೆಸರಿನ ಬಯಲಿನಲ್ಲಿ, ಸ್ಕೋಟೋಪ್ಲೇನ್ಸ್ ಎಂಬ ಕಡಲಸೌತೆಯ (ಮೆತ್ತನೆ ಮೈಯ ಸಮುದ್ರಪ್ರಾಣಿ) ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಮೀನುಗಳ ಕಣ್ಣು ತಪ್ಪಿಸಲು ಈ ಆಸರೆ ಎಂದು ಸಂಶೋಧಕರ ಊಹೆ. ಕಡಲಸೌತೆ ಮಾತ್ರ ಮರಿಯನ್ನು ಹೊತ್ತುಕೊಂಡೇ ಕೆಸರು ಮೇಯುತ್ತಾ ಮುಂದೆ ಸಾಗುತ್ತದೆ.