ಸಣ್ಣ ಪಕ್ಷಗಳ ಡಿಬೇಟ್ ಮುಗಿದ ಮೇಲೆ: ನ್ಯೂಜಿಲೆಂಡ್‌ನ ಎರಡು ಟಿಕ್ಕಿನ ಲೆಕ್ಕ

2002ರ ಜುಲೈನಲ್ಲಿ ನ್ಯೂಜಿಲೆಂಡ್‌ನ ಟಿವಿ ಪರದೆಯ ಮೇಲೆ ಒಂದು ಹುಳು ಹರಿದಾಡಿತು. ಯಾರಿಗೆ ವೋಟು ಹಾಕಬೇಕೆಂದು ಇನ್ನೂ ತೀರ್ಮಾನಿಸದ ಮತದಾರರನ್ನು ಕೂರಿಸಿ, ಅವರ ಮೆಚ್ಚುಗೆ ಮತ್ತು ಬೇಸರವನ್ನು ಕೈಯಲ್ಲಿನ ಪುಟ್ಟ ಯಂತ್ರದಿಂದ ಅಳೆದು, ಅದರ ಸರಾಸರಿಯನ್ನು ಡಿಬೇಟ್ ನಡೆಯುತ್ತಿರುವಾಗಲೇ ಗೆರೆಯಾಗಿ ತೋರಿಸುತ್ತಿದ್ದರು. ಏಳುತ್ತ ಬೀಳುತ್ತ ಸಾಗುವ ಆ ಗೆರೆಗೆ ಅಲ್ಲಿನವರು ಇಟ್ಟ ಹೆಸರು ‘ವರ್ಮ್’. ಯುನೈಟೆಡ್ ಫ್ಯೂಚರ್ ಪಕ್ಷದ ಪೀಟರ್ ಡನ್ ಕುಟುಂಬದ ಮಾತಾಡಿದರೂ ಹುಳು ಮೇಲೆ, ‘ಕಾಮನ್ ಸೆನ್ಸ್’ ಎಂದರೂ ಮೇಲೆ. ಅಲ್ಲಿಯವರೆಗೆ ಪಾರ್ಲಿಮೆಂಟಿನಲ್ಲಿ ಡನ್ ಒಬ್ಬರೇ ಇದ್ದ ಪಕ್ಷಕ್ಕೆ ಜುಲೈ 27ರ ಚುನಾವಣೆಯಲ್ಲಿ 6.69% ಮತ, 8 ಸೀಟು ಬಂದವು.

ಆ ಎಂಟು ಜನರಲ್ಲಿ ಏಳು ಮಂದಿಯನ್ನು ವೋಟು ಹಾಕಿದವರು ಆ ಡಿಬೇಟಿನಲ್ಲಿ ನೋಡಿಯೇ ಇರಲಿಲ್ಲ. ಆಯ್ಕೆಯಾದವರೆಂದು ಘೋಷಿತರಾದ ಒಬ್ಬರಿಗೆ ನ್ಯೂಜಿಲೆಂಡ್ ಪೌರತ್ವವೇ ಇಲ್ಲವೆಂದು ಆಮೇಲೆ ಗೊತ್ತಾಗಿ, ಅವರ ಜಾಗಕ್ಕೆ ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ, ಅಂದರೆ ಲಿಸ್ಟಿನಲ್ಲಿ, ಕೆಳಗಿದ್ದವರು ಬಂದರು. 2005ರಲ್ಲಿ ಡಿಬೇಟಿನಿಂದ ತಮ್ಮನ್ನು ಕೈಬಿಟ್ಟ ಚಾನೆಲ್ ವಿರುದ್ಧ ಡನ್ ಹೈಕೋರ್ಟಿಗೆ ಹೋಗಿ ಗೆದ್ದು ವೇದಿಕೆ ಹತ್ತಿದರು. ಆದರೂ ಪಕ್ಷ 2.67%ಗೆ, 3 ಸೀಟಿಗೆ ಇಳಿಯಿತು.

ಡಿಬೇಟಿನಲ್ಲಿ ಕಾಣುವುದು ಒಬ್ಬ ನಾಯಕ ಅಥವಾ ನಾಯಕಿ, ವೋಟು ಹೋಗುವುದು ಒಂದು ಪಟ್ಟಿಗೆ. ಆಕ್ಲೆಂಡ್, ವೆಲಿಂಗ್ಟನ್ ಕಡೆ ಇರುವ ಕನ್ನಡಿಗರಿಗೆ ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅಲ್ಲಿ ವೋಟು ಹಾಕಲು ಪೌರತ್ವ ಬೇಕಿಲ್ಲ. ರೆಸಿಡೆನ್ಸ್ ವೀಸಾ ಇದ್ದು, ಯಾವಾಗಲಾದರೂ ಒಮ್ಮೆ ಸತತ 12 ತಿಂಗಳು ಆ ದೇಶದಲ್ಲಿ ನೆಲೆಸಿದ್ದ ವಯಸ್ಕರು ಹೆಸರು ನೋಂದಾಯಿಸಿಕೊಳ್ಳಬಹುದು. ಚುನಾವಣೆಗೆ ನಿಲ್ಲಲು ಮಾತ್ರ ಪೌರತ್ವ ಬೇಕು. ಊರಲ್ಲಿ ಒಂದೇ ಗುಂಡಿ ಒತ್ತಿ ರೂಢಿಯಾದವರು ಅಲ್ಲಿನ ಮತಪತ್ರ ನೋಡಿ ಗಲಿಬಿಲಿಗೊಳ್ಳುವುದು ಸಹಜ.

ಒಂದೇ ಹಾಳೆ, ಎರಡು ಕಾಲಂ. ಎಡಗಡೆ ಪಾರ್ಟಿ ವೋಟ್, ಬಲಗಡೆ ಕ್ಷೇತ್ರದ ಅಭ್ಯರ್ಥಿಗೆ ಎಲೆಕ್ಟೊರೇಟ್ ವೋಟ್. ಎರಡೂ ಒಂದೇ ಪಕ್ಷಕ್ಕೆ ಹೋಗಬೇಕೆಂದಿಲ್ಲ. ಸಾಮಾನ್ಯವಾಗಿ 120 ಸೀಟುಗಳಿರುವ ಸದನದಲ್ಲಿ ಯಾವ ಪಕ್ಷಕ್ಕೆ ಎಷ್ಟು ಪಾಲು ಎಂಬುದನ್ನು ತೀರ್ಮಾನಿಸುವುದು ಎಡಗಡೆಯ ಟಿಕ್ಕು. ಬಲಗಡೆಯದೇ ಮುಖ್ಯ ಎಂದುಕೊಂಡು ಎಡಗಡೆಯದನ್ನು ಯೋಚಿಸದೆ ಹಾಕುವವರೇ ಹೆಚ್ಚು ಕಳೆದುಕೊಳ್ಳುವುದು.

ಪಾಲು ಸಿಗಬೇಕಾದರೆ ಪಕ್ಷ 5% ಪಾರ್ಟಿ ವೋಟ್ ಪಡೆಯಬೇಕು, ಇಲ್ಲವೇ ಒಂದಾದರೂ ಕ್ಷೇತ್ರ ಗೆಲ್ಲಬೇಕು. ಈ ‘ಇಲ್ಲವೇ’ ಎಷ್ಟು ಭಾರದ್ದು ಎಂಬುದಕ್ಕೆ 2008 ನೋಡಿ. ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ 4.07% ಬಂತು, ಕ್ಷೇತ್ರ ಒಂದೂ ಇಲ್ಲ, ಸೀಟು ಸೊನ್ನೆ. ಆ್ಯಕ್ಟ್ ಪಕ್ಷಕ್ಕೆ ಬಂದದ್ದು 3.65%. ಆದರೆ ಆಕ್ಲೆಂಡ್‌ನ ಎಪ್ಸಮ್ ಕ್ಷೇತ್ರವನ್ನು ರಾಡ್ನಿ ಹೈಡ್ ಗೆದ್ದಿದ್ದರಿಂದ 5 ಸೀಟು ದಕ್ಕಿದವು. ಎಪ್ಸಮ್‌ನ ಬಹಳಷ್ಟು ಮತದಾರರು ಎಡಗಡೆ ದೊಡ್ಡ ಪಕ್ಷವಾದ ನ್ಯಾಷನಲ್‌ಗೆ, ಬಲಗಡೆ ಆ್ಯಕ್ಟ್ ಅಭ್ಯರ್ಥಿಗೆ ಟಿಕ್ ಹಾಕಿ ಈ ಕೆಲಸ ಮಾಡಿದರು. ಆದ್ದರಿಂದ ಸಣ್ಣ ಪಕ್ಷದ ನಾಯಕರ ಮಾತು ಇಷ್ಟವಾದರೆ ಮೊದಲು ಕೇಳಬೇಕಾದ್ದು: ಇವರು 5% ದಾಟುವವರೋ, ಗೆಲ್ಲುವ ಕ್ಷೇತ್ರ ಕೈಯಲ್ಲಿರುವವರೋ, ಎರಡೂ ಇಲ್ಲದವರೋ?

ಇದಕ್ಕೆ ಸಮೀಕ್ಷೆ ನೋಡುವಾಗ ಒಂದು ತಪ್ಪು ಆಗುತ್ತದೆ. ಸಾವಿರ ಜನರ ಸಮೀಕ್ಷೆಗೆ ‘ಮೂರು ಪಾಯಿಂಟ್ ಹೆಚ್ಚುಕಡಿಮೆ’ ಎನ್ನುವುದು 50% ಸುತ್ತಮುತ್ತ ಇರುವ ದೊಡ್ಡ ಅಂಕಿಗೆ. 4.4% ತೋರಿಸುತ್ತಿರುವ ಪಕ್ಷಕ್ಕೆ ಆ ಅಂತರ ಸುಮಾರು 1.3 ಪಾಯಿಂಟ್. ಎಂದರೆ ನಿಜವಾದ ಬೆಂಬಲ 3.1% ಇರಬಹುದು, 5.7% ಕೂಡ ಇರಬಹುದು. ಹೊಸ್ತಿಲಿನ ಒಳಗೋ ಹೊರಗೋ ಒಂದೇ ಸಮೀಕ್ಷೆ ಹೇಳಲಾರದು. ಡಿಬೇಟ್ ಆದ ಮರುದಿನದ ಜಿಗಿತವನ್ನು ನಂಬುವ ಬದಲು, ಬೇರೆ ಬೇರೆ ಸಂಸ್ಥೆಗಳ ಮೂರ್ನಾಲ್ಕು ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಹೊಸ್ತಿಲು ದಾಟದ ಮತಗಳು ಎಲ್ಲಿ ಹೋಗುತ್ತವೆ? ಲೆಕ್ಕದಿಂದಲೇ ಹೊರಗೆ. ಅಂಥ ಪಕ್ಷಗಳೆಲ್ಲ ಸೇರಿ 8% ಪಡೆದವು ಎನ್ನಿ. ಉಳಿದ 92% ಮತಗಳಿಗೇ ಎಲ್ಲ ಸೀಟುಗಳೂ ಹಂಚಿಕೆಯಾಗುತ್ತವೆ. ಆಗ ಒಂದು ಕೂಟಕ್ಕೆ ಬಹುಮತ ಬರಲು 50% ಬೇಡ, 46%ಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ನಿಮ್ಮ ವೋಟು ಸುಮ್ಮನೆ ಕೂರುವುದಿಲ್ಲ, ನಿಮಗೆ ಬೇಡದವರ ಬಹುಮತದ ಗೆರೆಯನ್ನೂ ಅದು ಕೆಳಗಿಳಿಸಬಹುದು. ಇಷ್ಟು ತಿಳಿದ ಮೇಲೂ ತತ್ವಕ್ಕಾಗಿ ಅಂಥ ಪಕ್ಷಕ್ಕೆ ಹಾಕುತ್ತೇನೆ ಎನ್ನುವವರ ನಿರ್ಧಾರ ಗೌರವಕ್ಕೆ ಅರ್ಹ. ತಿಳಿಯದೆ ಹಾಕುವುದು ಮಾತ್ರ ಬೇಸರದ ಸಂಗತಿ.

ಇನ್ನು ಲಿಸ್ಟ್. ಪಾರ್ಟಿ ವೋಟಿನ ಪಾಲಿನಲ್ಲಿ ಕ್ಷೇತ್ರ ಗೆದ್ದವರು ಕಳೆದು ಉಳಿದ ಸೀಟುಗಳು ತುಂಬುವುದು ಇದರಿಂದಲೇ, ಮೇಲಿನಿಂದ ಕೆಳಕ್ಕೆ. ಚುನಾವಣೆಗೆ ಮೊದಲೇ ಪ್ರಕಟವಾಗುವ ಈ ಪಟ್ಟಿಯ ಕ್ರಮವನ್ನು ಮತದಾರರು ಬದಲಿಸುವಂತಿಲ್ಲ. 6% ಸುತ್ತಮುತ್ತ ಇರುವ ಪಕ್ಷವಾದರೆ ಮೇಲಿನ ಎಂಟು ಹೆಸರು ಓದಿ, ಅವರ ಹಿಂದಿನ ಕೆಲಸ ಹುಡುಕಿ. ಅರ್ಧ ಗಂಟೆ ಸಾಕು. ಡಿಬೇಟಿನ ಒಂದೂವರೆ ಗಂಟೆಗಿಂತ ಆ ಅರ್ಧ ಗಂಟೆ ಹೆಚ್ಚು ಕಲಿಸುತ್ತದೆ.

ಸಣ್ಣ ಪಕ್ಷದ ಭರವಸೆಗಳನ್ನು ತೂಗುವಾಗ, ಕೊನೆಗೆ ಒಪ್ಪಂದದ ಕಾಗದದಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಬೇಕು. 2023ರಲ್ಲಿ 8.64% ಪಡೆದ ಆ್ಯಕ್ಟ್, ಬ್ರಿಟಿಷರಿಗೂ ಮೂಲನಿವಾಸಿ ಮಾವೊರಿಗಳಿಗೂ 1840ರಲ್ಲಿ ಆದ ವೈತಾಂಗಿ ಒಪ್ಪಂದದ ತತ್ವಗಳ ಬಗ್ಗೆ ಜನಮತಗಣನೆ ಆಗಲಿ ಎಂದಿತ್ತು. ನ್ಯಾಷನಲ್ ಜೊತೆಗಿನ ಒಪ್ಪಂದದಲ್ಲಿ ಸಿಕ್ಕಿದ್ದು ಮಸೂದೆಯನ್ನು ಮೊದಲ ಓದು ದಾಟಿಸಿ, ಅದನ್ನು ಪರಿಶೀಲಿಸುವ ಸಂಸದರ ಸಮಿತಿಯಾದ ಸೆಲೆಕ್ಟ್ ಕಮಿಟಿಯವರೆಗೆ ಒಯ್ಯುವ ಬೆಂಬಲ ಅಷ್ಟೇ. 2025ರ ಏಪ್ರಿಲ್ 10ರಂದು ಅದು 112–11 ಮತಗಳಿಂದ ಬಿದ್ದುಹೋಯಿತು. ಆ 11, ಆ್ಯಕ್ಟ್‌ನ ಸ್ವಂತ ಸಂಖ್ಯೆ. ಹಾಗಾಗಿ ಡಿಬೇಟಿನಲ್ಲಿ ‘ಇದು ನಮ್ಮ ಬಾಟಮ್ ಲೈನ್’ ಎಂದವರು ಯಾರ ಜೊತೆ ಹೋಗುತ್ತಾರೆ, ಯಾರ ಜೊತೆ ಸುತರಾಂ ಹೋಗುವುದಿಲ್ಲ, ಕಾನೂನು ಜಾರಿಯಾಗುವವರೆಗೂ ಬೆಂಬಲ ಕೇಳುತ್ತಾರೋ ಬರೀ ಮೊದಲ ಓದಿಗೋ ಎಂಬುದನ್ನು ಗಮನಿಸಿ. 2017ರಲ್ಲಿ ಸೆಪ್ಟೆಂಬರ್ 23ಕ್ಕೆ ಚುನಾವಣೆ ಮುಗಿದರೂ, ನ್ಯೂಜಿಲೆಂಡ್ ಫಸ್ಟ್ ನಾಯಕ ವಿನ್‌ಸ್ಟನ್ ಪೀಟರ್ಸ್, ಇನ್ನೊಂದು ದೊಡ್ಡ ಪಕ್ಷವಾದ ಲೇಬರ್ ಕಡೆ ಎಂದು ದೇಶಕ್ಕೆ ತಿಳಿದದ್ದು ಅಕ್ಟೋಬರ್ 19ಕ್ಕೆ. ಅವರ ಪಕ್ಷಕ್ಕಿದ್ದದ್ದು 9 ಸೀಟು.

ನ್ಯೂಜಿಲೆಂಡ್‌ನ ಚುನಾವಣೆಗಳು ಹೆಚ್ಚಾಗಿ ಬರುವುದು ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ, ದಸರಾ ದೀಪಾವಳಿಗೆ ಊರಿಗೆ ಬರುವ ಹೊತ್ತಿಗೆ ಸರಿಯಾಗಿ. ಹೆಸರು ಮೊದಲೇ ನೋಂದಾಯಿಸಿಟ್ಟುಕೊಂಡು, ಹೊರಡುವ ಮುಂಚೆ ವಿದೇಶದಿಂದ ವೋಟು ಹಾಕುವ ವಿಧಾನವನ್ನು ಎಲೆಕ್ಟೊರಲ್ ಕಮಿಷನ್ನಿನಿಂದ ತಿಳಿದುಕೊಳ್ಳಿ. ಹೊರದೇಶದಿಂದ ಹಾಕಿದ್ದು, ಸ್ವಂತ ಕ್ಷೇತ್ರದ ಹೊರಗಿನ ಬೂತಿನಲ್ಲಿ ಹಾಕಿದ್ದು, ಎಲ್ಲ ‘ಸ್ಪೆಷಲ್ ವೋಟ್’ ಆಗಿ ಕೊನೆಗೆ ಎಣಿಕೆಯಾಗುತ್ತವೆ. ಕೊನೆಗೆ ಎಣಿಸುತ್ತಾರೆಂದು ಹಗುರವಾಗಿ ಕಾಣಬೇಡಿ. 2023ರ ಅಕ್ಟೋಬರ್ 14ರ ರಾತ್ರಿ ನ್ಯಾಷನಲ್ 50, ಆ್ಯಕ್ಟ್ 11, ಸೇರಿ 61. ಇಬ್ಬರೇ ಸರ್ಕಾರ ಮಾಡುವಂತೆ ಕಾಣುತ್ತಿತ್ತು. ನವೆಂಬರ್ 3ಕ್ಕೆ ಸ್ಪೆಷಲ್ ವೋಟುಗಳು ಸೇರಿದಾಗ ನ್ಯಾಷನಲ್ 48ಕ್ಕೆ ಇಳಿದು, ಎದುರಾಳಿಗಳಾದ ಗ್ರೀನ್ಸ್‌ಗೆ ಒಂದು, ಮಾವೊರಿಗಳ ಪಕ್ಷವಾದ ಟೆ ಪಾಟಿ ಮಾವೊರಿಗೆ ಎರಡು ಸೀಟು ಹೆಚ್ಚಾಗಿ, ಪೀಟರ್ಸ್ ಅವರ 8 ಸೀಟುಗಳಿಲ್ಲದೆ ಸರ್ಕಾರವೇ ಇಲ್ಲ ಎಂಬಂತಾಯಿತು.